ಬಚಾವಣ್ಣ ಬೀಳುತ್ತಿದ್ದಾನೆ

ಮಾರ್ಚ್ 4, ಸೋಮವಾರ

ತಮ್ಮ ಇವತ್ತು ಆಡಿದ ಮಾತು: ಒಂದು. "ಮಂಗಳವಾರ."

ನೀರು ಕೊಟ್ಟರೆ ಮಂಗಳವಾರ, ದಿಂಬು ಸರಿಮಾಡಿದರೆ ಮಂಗಳವಾರ, ನನ್ನ ಮುಖ ನೋಡಿದರೂ ಮಂಗಳವಾರ. ಇವತ್ತು ಸೋಮವಾರ.

ದಿನಾ ಬರೆದಿಡಿ ಅಂತ ಆಸ್ಪತ್ರೆಯ ಮಾತಿನ ಟೀಚರ್ ಈ ಡೈರಿ ಕೊಟ್ಟಳು. ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದೇ ಅವಳ ಕೆಲಸವಂತೆ. ಅವಳಿಗೆ ಬೇಕಾದ ಲೆಕ್ಕ ಮೇಲೆ ಬರೆದಿದ್ದೇನೆ, ಅದನ್ನು ಬೇರೆ ಚೀಟಿಯಲ್ಲಿ ಇಳಿಸಿ ಕೊಡುತ್ತೇನೆ. ಉಳಿದ ಜಾಗ ನನ್ನದು. ಕಾಗದ ಖಾಲಿ ಬಿಡುವುದು ನನ್ನ ಕೈಗೆ ಆಗದ ಕೆಲಸ.

ಆದರೆ ಬರೆಯುವುದೇನನ್ನು? ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಏಣಿ ಹಿಡಿಯಲು ಒಂದು ದಿನದ ಮಟ್ಟಿಗೆ ಅಂತ ಕರೆದುಕೊಂಡು ಹೋದವನು ಮತ್ತೆ ಶಾಲೆಗೆ ಕಳಿಸಲಿಲ್ಲ. ಅಕ್ಷರ ನನಗೆ ಕೈಗೆ ಬಂತು, ತಲೆಗೆ ಬರಲಿಲ್ಲ. ಇಷ್ಟು ವರ್ಷ ಬರೆದದ್ದೆಲ್ಲ ಬೇರೆಯವರ ಮಾತು. ನನ್ನ ಮಾತನ್ನು ಬಾಯಲ್ಲೇ ಆಡಿ ಮುಗಿಸುತ್ತೇನೆ.

ಆದದ್ದಿಷ್ಟು. ಹೋದ ತಿಂಗಳ ಕೊನೆಯ ಶನಿವಾರ ಮಸಿ ತರಲು ಹೊರಟರೆ ಛತ್ರಿ ಇಲ್ಲ. ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವನು ಒಯ್ದು ಎಂಟು ದಿನವಾಗಿತ್ತು. ಬೀದಿಗೆಲ್ಲ ಕೇಳುವ ಹಾಗೆ ಬೈದು, ಹತ್ತು ಗಂಟೆಯೊಳಗೆ ಛತ್ರಿ ನನ್ನ ತಮ್ಮನ ಕೈ ಸೇರಿರಬೇಕು ಅಂತ ಹೇಳಿ ಹೋದೆ. ಅವನು ಹತ್ತಕ್ಕೆ ಸರಿಯಾಗಿ ಮೇಲೆ ಹೋಗಿದ್ದಾನೆ. ತಮ್ಮ ಮೇಜಿನ ಪಕ್ಕ ನೆಲದ ಮೇಲೆ ಬಿದ್ದಿದ್ದಾನೆ. ಮೆದುಳಿನಲ್ಲಿ ರಕ್ತ ಕಟ್ಟಿಕೊಂಡು ಬಲಗೈ ಹೋಗಿದೆ, ಮಾತು ಹೋಗಿದೆ.

"ಇನ್ನು ಅರ್ಧ ಗಂಟೆ ತಡ ಆಗಿದ್ರೆ ಕಷ್ಟ ಇತ್ತು. ಅದೃಷ್ಟವಂತ್ರು" ಅಂದರು ಡಾಕ್ಟರು.

ಅದೃಷ್ಟವಂತನಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 6, ಬುಧವಾರ

ಮನೆಗೆ ಕರೆತಂದೆವು. ತಮ್ಮನ ಮಗಳು ಬಸ್ ಡ್ರೈವರು, ಎರಡು ದಿನ ರಜೆ ಹಾಕಿದ್ದಾಳೆ. ಎರಡು ಮಹಡಿ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಮೂವರಿಗೂ ಸುಸ್ತು.

ಅವನು ಮಂಚಕ್ಕೆ ಹೋಗಲಿಲ್ಲ. ಕೆಲಸದ ಕೋಣೆಯ ಬಾಗಿಲಲ್ಲೇ ನಿಂತು ಇಳಿಜಾರು ಮೇಜನ್ನು ನೋಡಿದ. ಮೇಜಿನ ಮೇಲೆ ಅವತ್ತಿನ ಪುಟ ಹಾಗೇ ಇದೆ. ಆರು ಚೌಕ ಗೀಚಿದ್ದಾನೆ, ಪಾತ್ರಗಳ ಮಾತು ಬರೆಯುವ ಬಲೂನುಗಳನ್ನು ಪೆನ್ಸಿಲ್ಲಿನಲ್ಲಿ ಸುತ್ತಿದ್ದಾನೆ, ಎಲ್ಲ ಖಾಲಿ.

ನಮ್ಮ ಕೆಲಸದ ಕ್ರಮ ಇದು: ಅವನು ಮೊದಲು ಮಾತು ಹೇಳುತ್ತಾನೆ, ನಾನು ಬಲೂನಿನೊಳಗೆ ಮಸಿಯಲ್ಲಿ ಬರೆಯುತ್ತೇನೆ, ಆಮೇಲೆ ಅವನು ಚಿತ್ರ ಬಿಡಿಸುತ್ತಾನೆ. ಮಾತಿಗೆ ಜಾಗ ಸಾಲದಿದ್ದರೆ ಚಿತ್ರ ಸರಿಯಬೇಕು, ಮಾತು ಸರಿಯುವುದಿಲ್ಲ. ಮೂವತ್ತೊಂದು ವರ್ಷದಿಂದ ವಾರಕ್ಕೊಂದು ಚಿತ್ರಕಥೆಯ ಪುಟ. ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು, ಭಾನುವಾರ ಪತ್ರಿಕೆಯಲ್ಲಿ ಬರಬೇಕು.

ಪುಟದ ಹೀರೋ ಬಚಾವಣ್ಣ. ಕಿಟಕಿ ಒರೆಸುವವನು, ಕಡ್ಡಿಯಂಥ ಆಳು, ಕೈಯಲ್ಲೊಂದು ಬಕೆಟ್ಟು. ಬುದ್ಧಿ ಇಲ್ಲ, ಬಲ ಇಲ್ಲ, ಇರುವುದು ಅದೃಷ್ಟವೊಂದೇ. ಲಾರಿ ಮೇಲೆ ಹರಿಯುವ ಹೊತ್ತಿಗೆ ಟೈರು ಪಂಚರ್ ಆಗುತ್ತದೆ. ಬಾವಿಗೆ ಬಿದ್ದರೆ ಅವತ್ತೇ ಬಾವಿ ಬತ್ತಿರುತ್ತದೆ. "ಸೋಮಾರಿ ಕಥೆ ಕಣೋ ಇದು. ಕಥೆ ಕಟ್ಟೋಕೆ ಬಾರದವನು ಅದೃಷ್ಟ ತರ್ತಾನೆ" ಅಂತ ನಾನು ಬೈಯುತ್ತಲೇ ಬರೆದುಕೊಟ್ಟಿದ್ದೇನೆ. ಅವನು ನಗುತ್ತಿದ್ದ.

ಕೊನೆಗೆ ಅಚ್ಚಾದ ಪುಟದಲ್ಲಿ ಹನ್ನೆರಡನೇ ಮಹಡಿಯಲ್ಲಿ ಬಚಾವಣ್ಣನ ಹಗ್ಗ ಕಿತ್ತುಹೋಗಿದೆ. ಅವನು ಗಾಳಿಯಲ್ಲಿದ್ದಾನೆ. ಕೆಳಗೆ ಅವನನ್ನು ಹಿಡಿಯುವುದು ಏನು ಅಂತ ಗೊತ್ತಿರುವುದು ತಮ್ಮನಿಗೊಬ್ಬನಿಗೇ.

ಮಾರ್ಚ್ 9, ಶನಿವಾರ

ಮಾತು: ಮಂಗಳವಾರ. ಅಲ್ಲ. ("ಅಲ್ಲ" ಹೊಸದು. ನನ್ನ ಅಡುಗೆಗೆ ಅಂದದ್ದು.)

ಮಾತಿನ ಟೀಚರ್ ಮನೆಗೆ ಬಂದಿದ್ದಳು. ಒಂದು ಲೋಟ ಹಿಡಿದು "ಇದೇನು ಸರ್?" ಅಂದಳು. ಅವನು ಬಾಯಿ ತೆಗೆದ, ಮುಚ್ಚಿದ, ತೆಗೆದ. ನನಗೆ ತಡೆಯಲಿಲ್ಲ. "ಲೋಟ ಕಣೋ" ಅಂದೆ.

"ಅಮ್ಮಾ, ನೀವು ಹೇಳಬಾರದು."

"ಅವನಿಗೆ ಬರ್ತಿಲ್ಲ, ಅದಕ್ಕೆ ಹೇಳ್ದೆ."

"ಬರೋವರೆಗೂ ಕಾಯಬೇಕು. ನೀವು ಬಾಯಿಗೆ ಮಾತು ತುರುಕಿದ್ರೆ ಅವರ ತಲೆ ಹುಡುಕೋದನ್ನೇ ಬಿಟ್ಟುಬಿಡುತ್ತೆ."

"ಎಷ್ಟು ಹೊತ್ತು ಕಾಯಬೇಕು?"

"ಎಷ್ಟು ಹೊತ್ತಾದ್ರೂ."

ಅವಳಿಗೆ ವಯಸ್ಸು ಇಪ್ಪತ್ತೈದು. ಕಾಯಲು ಟೈಮಿದೆ. ನನಗೆ ಎಪ್ಪತ್ತೆರಡು.

ಮಾರ್ಚ್ 14, ಗುರುವಾರ

ಸಂಪಾದಕ ಬಂದಿದ್ದ. ದಪ್ಪ ಕನ್ನಡಕದ ಹುಡುಗು ಮುಖ, ನನ್ನ ತಮ್ಮನ ಪುಟ ಓದಿಕೊಂಡೇ ಬೆಳೆದವನಂತೆ. ಎರಡು ವಾರದಿಂದ ಹಳೆಯ ಪುಟವನ್ನೇ ಹಾಕುತ್ತಿದ್ದಾನೆ. ಕುರ್ಚಿಯ ತುದಿಯಲ್ಲಿ ಕೂತು ಸುತ್ತಿ ಬಳಸಿ ಮಾತಾಡಿದ.

"ಸರ್ ಆರೋಗ್ಯ ಮುಖ್ಯ ಅಮ್ಮಾ. ನಾವೇನೂ ಆತುರ ಮಾಡ್ತಿಲ್ಲ. ಆ ಜಾಗಕ್ಕೆ ಸದ್ಯಕ್ಕೆ ಪದಬಂಧ ಹಾಕೋಣ ಅಂತ..."

"ಸದ್ಯಕ್ಕೆ ಅಂದ್ರೆ?"

"ಅಂದ್ರೆ... ನೋಡೋಣ."

ಒಳಕೋಣೆಯಲ್ಲಿ ತಮ್ಮ ಕೇಳಿಸಿಕೊಳ್ಳುತ್ತಿದ್ದ. ಬೇರೆಯವರ ಮಾತು ಅವನಿಗೆ ಪೂರ್ತಿ ಅರ್ಥವಾಗುತ್ತದೆ, ತನ್ನ ಮಾತು ಹೊರಗೆ ಬರುವುದಿಲ್ಲ ಅಷ್ಟೇ. ಅವನ ಕಾಲು ನೆಲಕ್ಕೆ ತಟ್ಟುವ ಸದ್ದು ಬಂತು. ಆ ಪುಟ ಹೋದರೆ ಅವನು ಇನ್ನು ಮಂಚದಿಂದ ಏಳುವುದಿಲ್ಲ. ಇದು ಡಾಕ್ಟರು ಹೇಳಿದ್ದಲ್ಲ, ನನಗೆ ಗೊತ್ತಿರುವುದು.

"ಮುಂದಿನ ಶುಕ್ರವಾರ ಪುಟ ಬರುತ್ತೆ" ಅಂದೆ.

"ಯಾರು ಮಾಡ್ತಾರಮ್ಮಾ?"

"ಬರುತ್ತೆ ಅಂದ್ನಲ್ಲ!"

ಅವನು ಚಪ್ಪಲಿ ಹುಡುಕಿಕೊಂಡು ಹೋದ. ಆಮೇಲೆ ತಮ್ಮನ ಮುಂದೆ ಆ ಪುಟ ಹಿಡಿದು ಕೇಳಿದೆ. "ಹೇಳೋ, ಇವನು ಬೀಳ್ತಿದ್ದಾನಲ್ಲ, ಕೆಳಗೆ ಏನಿದೆ? ಹುಲ್ಲಿನ ಗಾಡಿನಾ? ಹಾಸಿಗೆ ಅಂಗಡಿನಾ?"

ಅವನು ಬೆವರು ಬರುವ ತನಕ ಪ್ರಯತ್ನ ಮಾಡಿದ.

"ಮಂಗಳವಾರ" ಅಂದ.

ಮಾರ್ಚ್ 19, ಮಂಗಳವಾರ

ಮಾತು: ಮಂಗಳವಾರ. ಇವತ್ತೊಂದು ದಿನ ಸರಿ ಹೇಳಿದ.

ಮಾರ್ಚ್ 20, ಬುಧವಾರ

ಬೆಳಿಗ್ಗೆ ನೋಡಿದರೆ ಮೇಜಿನ ಮುಂದೆ ಕೂತಿದ್ದಾನೆ. ಎಡಗೈಯಲ್ಲಿ ಪೆನ್ಸಿಲ್ಲು. ಒಂದು ಕಿಟಕಿ ಬಿಡಿಸಿದ್ದಾನೆ. ಕಿಟಕಿ ಅಂತ ಹೇಳಿದರೆ ಕಿಟಕಿ. ಒಳಗೊಬ್ಬ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡು ಗಡ್ಡ ಹೆರೆಯುತ್ತಿದ್ದಾನೆ. ಹೊರಗೆ ಬಚಾವಣ್ಣ ತಲೆಕೆಳಗಾಗಿ ಹಾದುಹೋಗುತ್ತಿದ್ದಾನೆ. ಇಬ್ಬರ ಬಾಯಿಗೂ ಬಲೂನು ಸುತ್ತಿ ನನ್ನ ಕಡೆ ನೂಕಿದ.

"ಏನು ಬರೀಲಿ?"

ಭುಜ ಕುಣಿಸಿದ.

ನಾನು ಈ ಕೆಲಸ ಮಾಡಿದವಳಲ್ಲ. ಹೇಳಿದ್ದನ್ನು ಬರೆಯುವವಳು. ಒಂದು ಗಂಟೆ ಸುಮ್ಮನೆ ಗೆರೆ ಎಳೆದೆ. ಹಾಳಾಗಿಹೋಗಲಿ ಅಂತ ಗಡ್ಡದವನ ಬಲೂನಿಗೆ "ಏನಯ್ಯಾ, ಎಲ್ಲಿಗೆ?" ಅಂತ ಬರೆದೆ. ಬಚಾವಣ್ಣನಿಗೆ "ಕೆಳಗೆ. ನಿಮಗೇನಾದ್ರೂ ತರಬೇಕಾ?" ಅಂತ.

ತಮ್ಮ ಓದಿದ. ಓದಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಬಾಯಿಯ ಎಡಗಡೆ ಮಾತ್ರ ಮೇಲೆ ಹೋಯಿತು. ಮೇಜು ತಟ್ಟಿದ.

ಅವನು ಕಾಗದದ ಅಂಚಿಗೆ ಒಂದು ಉದ್ದ ಕಟ್ಟಡ ಗೀಚಿ ಮಹಡಿ ಎಣಿಸಿ ತೋರಿಸಿದ. ಹನ್ನೊಂದು. ವಾರಕ್ಕೊಂದು ಮಹಡಿ ಬೀಳುತ್ತಾನೆ. ನೆಲ ಮುಟ್ಟಲು ಹನ್ನೊಂದು ವಾರ. ಅಲ್ಲಿಯ ತನಕ ಕೆಳಗೇನಿದೆ ಅಂತ ಯಾರೂ ಕೇಳುವ ಹಾಗಿಲ್ಲ. ಬುದ್ಧಿ ಇನ್ನೂ ನೆಟ್ಟಗಿದೆ ನನ್ನ ತಮ್ಮನಿಗೆ.

ಮಾರ್ಚ್ 28, ಗುರುವಾರ

ಮಾತು: ಅಲ್ಲ, ಹೂಂ, ಮಸಿ, ಮಂಗಳವಾರ.

ಸಂಪಾದಕ ಫೋನು ಮಾಡಿದ.

"ಅಮ್ಮಾ, ಪುಟ ಚೆನ್ನಾಗಿದೆ. ಆದ್ರೆ ಗೆರೆ ಸ್ವಲ್ಪ ನಡುಗ್ತಿದೆ."

"ಹನ್ನೆರಡನೇ ಮಹಡಿಯಿಂದ ಬೀಳ್ತಿರೋನು ನಡುಗದೆ ನೆಟ್ಟಗೆ ನಿಂತಿರ್ತಾನೇನಪ್ಪಾ?"

"ಅದೂ ಸರಿ" ಅಂದ.

ಈ ವಾರ ಹತ್ತನೇ ಮಹಡಿ. ಒಬ್ಬಳು ಕಿಟಕಿಯಿಂದ ಬಗ್ಗಿ ಕೂಗುತ್ತಾಳೆ: "ಮೂಲೆ ಒರೆಸಿಲ್ಲ ನೀನು! ವಾಪಸ್ ಬಾ!" ಬಚಾವಣ್ಣ: "ಬರೋ ತಿಂಗಳು ಬರ್ತೀನಮ್ಮಾ." ಇದನ್ನು ಬರೆಯಲು ಕಾಲು ಗಂಟೆಯೂ ಆಗಲಿಲ್ಲ. ಬೈಯುವವರ ಮಾತು ನನಗೆ ಸಲೀಸು.

ಏಪ್ರಿಲ್ 2, ಮಂಗಳವಾರ

ಓದುಗರ ಕಾಗದ ಒಂದು ಕಟ್ಟು ಬಂದಿದೆ. ಕೆಳಗೆ ಏನಿರಬಹುದು ಅಂತ ಎಲ್ಲರೂ ಹೇಳುವವರೇ. ಹತ್ತಿ ಮೂಟೆ, ಈಜುಕೊಳ, ಮದುವೆ ಶಾಮಿಯಾನ, ಆನೆ. ಒಬ್ಬ ಮೇಷ್ಟ್ರು ಮಾತ್ರ ಸಿಟ್ಟಿನಿಂದ ಬರೆದಿದ್ದಾರೆ: ಪ್ರತಿ ಸಲ ಅದೃಷ್ಟದಿಂದ ಪಾರಾಗುವುದು ಓದುಗರಿಗೆ ಮಾಡುವ ಮೋಸ.

ಮೂವತ್ತೊಂದು ವರ್ಷ ನಾನು ಹೇಳಿದ್ದನ್ನೇ ಆ ಮನುಷ್ಯ ಬರೆದಿದ್ದಾನೆ. ಯಾಕೋ ಅವನ ಮೇಲೆ ಸಿಟ್ಟು ಬಂತು.

ಸಂಜೆ ಡ್ಯೂಟಿ ಮುಗಿಸಿ ಬಂದ ತಮ್ಮನ ಮಗಳಿಗೆ ಓದಿ ಹೇಳಿದೆ.

"ಅಪ್ಪ ಇದಕ್ಕೊಂದು ಉತ್ತರ ಹೇಳ್ತಿದ್ರು ಅತ್ತೆ. ಹಗ್ಗ ತಾನಾಗೇ ಕಿತ್ತುಹೋಯ್ತು ಅಂದ್ರೆ ಎಲ್ಲರೂ ನಂಬ್ತಾರೆ. ಯಾಕೆ ಕಿತ್ತುಹೋಯ್ತು ಅಂತ ಒಬ್ಬರೂ ಕೇಳಲ್ಲ. ಕೆಳಗೆ ಹುಲ್ಲಿನ ಗಾಡಿ ಬಂತು ಅಂದ್ರೆ ಮಾತ್ರ, ಎಲ್ಲಿಂದ ಬಂತು, ಯಾರು ನಿಲ್ಲಿಸಿದ್ರು, ಸುಳ್ಳು ಅಂತಾರೆ."

"ಕೆಟ್ಟದ್ದಕ್ಕೆ ಸಾಕ್ಷಿ ಬೇಡ."

"ಹೂಂ. ನಮ್ಮ ಬಸ್ಸಿನಲ್ಲೂ ಅಷ್ಟೇ. ಲೇಟಾದ್ರೆ ನನ್ನ ತಪ್ಪು, ಟೈಮಿಗೆ ಬಂದ್ರೆ ಅವರ ಅದೃಷ್ಟ."

ತಮ್ಮ ಅತ್ತ ಮುಖ ಮಾಡಿ ಕೂತಿದ್ದವನು "ಹೂಂ" ಅಂದ. ಜೋರಾಗಿ.

ಏಪ್ರಿಲ್ 11, ಗುರುವಾರ

ಕೆಟ್ಟ ದಿನ.

ಪುಟ ಮುಗಿಯುತ್ತಾ ಬಂದಿತ್ತು. ಅವನು ಕೈ ಎತ್ತಿ ಏನೋ ಹೇಳಲು ಹೊರಟ. ಬರಲಿಲ್ಲ. ನನಗೆ ನಾಳೆಯ ಶುಕ್ರವಾರ ಕಣ್ಣಮುಂದೆ. "ನೀರಾ? ಬ್ರಷ್ಷಾ? ನೋವಾ? ಮಲಗ್ತೀಯಾ? ಬಾತ್‌ರೂಮಾ? ಏನು ಹೇಳೋ, ಬೇಗ ಹೇಳು!" ಅಂತ ಒಂದರ ಮೇಲೊಂದು ಕೇಳಿದೆ. ಅವನ ಮುಖ ಕೆಂಪಗಾಯಿತು. ಮಸಿ ಬಾಟಲಿ ಎತ್ತಿ ಪುಟದ ಮೇಲೆ ಕವುಚಿದ.

ನಾನೂ ಬೈದೆ. ಬರೆಯುವಂಥದ್ದಲ್ಲ.

ಆಮೇಲೆ ಗಾಳಿ ಬೀಸಿ ಮೂಲೆಯಲ್ಲಿದ್ದ ಹಾಳೆಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ಕಿಟಕಿ ಮುಚ್ಚು ಅಂತ ಹೇಳಬೇಕಾಗಿತ್ತು ಅವನಿಗೆ. ಅಷ್ಟೇ.

ಏಪ್ರಿಲ್ 12, ಶುಕ್ರವಾರ

ಬೆಳಿಗ್ಗೆ ಐದಕ್ಕೆ ಎದ್ದು ಪುಟ ಹೊಸದಾಗಿ ಮಾಡಿದೆವು. ಕಳಿಸಿ ಆಯಿತು.

ಏಪ್ರಿಲ್ 17, ಬುಧವಾರ

ಮಾತು: ಗಾಳಿ. ಕಿಟಕಿ. ಬಾ.

"ಗಾಳಿ" ಬರಲು ನಾಲ್ಕು ನಿಮಿಷವಾಯಿತು. ಗೋಡೆ ಗಡಿಯಾರ ನೋಡಿಕೊಂಡೇ ಕೂತಿದ್ದೆ. ಎರಡು ನಿಮಿಷಕ್ಕೆ ಮೈ ಪರಚಿಕೊಳ್ಳುವ ಹಾಗಾಯಿತು. ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡಿದೆ. ಮೂರು ನಿಮಿಷಕ್ಕೆ ಅವನು "ಗಾ" ಅಂದ. ನನ್ನ ನಾಲಿಗೆ ತುದಿಗೆ "ಳಿ" ಬಂದು ಕೂತಿತ್ತು. ನುಂಗಿದೆ.

ನಾಲ್ಕನೆಯ ನಿಮಿಷಕ್ಕೆ ಅವನೇ ಹೇಳಿದ. ಎದ್ದುಹೋಗಿ ಕಿಟಕಿ ಮುಚ್ಚಿದೆ. ಚಿಲಕ ಬಿಗಿಯಾಗಿತ್ತು.

ಏಪ್ರಿಲ್ 24, ಬುಧವಾರ

ಆರನೇ ಮಹಡಿ.

ಗಡಿಯಾರ ರಿಪೇರಿಯವನು ತಮ್ಮನನ್ನು ನೋಡಲು ಬಂದಿದ್ದ. ಬಂದಾಗಲೆಲ್ಲ ಬಾಗಿಲಲ್ಲೇ ನಿಲ್ಲುತ್ತಾನೆ. ಒಳಗೆ ಬಾ ಅಂದೆ. ಅವನು ಬೆಚ್ಚಿದ ಹಾಗೆ ನೋಡಿದ.

"ಒಂದು ಮಾತು ಹೇಳ್ಲಾ ಅಕ್ಕಾ? ಅವತ್ತು ಕೈಯಲ್ಲಿ ಒಂದು ದೊಡ್ಡ ಗಡಿಯಾರ ಬಿಚ್ಚಿಟ್ಟಿದ್ದೆ. ಛತ್ರಿ ಸಂಜೆ ಕೊಟ್ರಾಯ್ತು ಅಂತ ಇದ್ದೆ. ನೀವು ಬೈದ ಬೈಗುಳಕ್ಕೆ ಕೆಲಸ ಅರ್ಧಕ್ಕೆ ಬಿಟ್ಟು ಹತ್ತಕ್ಕೆ ಮೇಲೆ ಓಡಿಬಂದೆ. ಇವರ ಅದೃಷ್ಟ ನೋಡಿ."

"ಅದೃಷ್ಟ ಯಾಕಪ್ಪಾ, ಛತ್ರಿ ನನ್ನದು" ಅಂದೆ. ಕಾಫಿ ಕೊಟ್ಟು ಕಳಿಸಿದೆ.

ಮಧ್ಯಾಹ್ನ ಆರನೇ ಮಹಡಿಯ ಕಿಟಕಿಗೆ ತಮ್ಮ ಒಬ್ಬ ಮನುಷ್ಯನನ್ನು ಬಿಡಿಸಿದ, ಕೈಯಲ್ಲಿ ಛತ್ರಿ. ಛತ್ರಿ ಹಿಡಿದು ಬಚಾವಣ್ಣ ಮೆಲ್ಲಗೆ ಇಳಿದುಬಿಡುತ್ತಾನೆ ಅಂತ ಓದುವವರು ಅಂದುಕೊಳ್ಳುತ್ತಾರೆ. ನಾನು ಒಪ್ಪಲಿಲ್ಲ. "ಅಷ್ಟು ಸುಲಭಕ್ಕೆ ಬಿಡಬಾರದು. ಛತ್ರಿ ಉಲ್ಟಾ ಆಗ್ಲಿ" ಅಂದೆ. ತಮ್ಮ ಮುಂದಿನ ಚೌಕದಲ್ಲಿ ಛತ್ರಿಯನ್ನು ಉಲ್ಟಾ ಮಾಡಿದ. ಬಚಾವಣ್ಣನ ಬಲೂನಿಗೆ ಬರೆದೆ: "ಹತ್ತು ಗಂಟೆಯೊಳಗೆ ವಾಪಸ್ ಕೊಡ್ತೀನಿ!"

ಬರೆದಾದ ಮೇಲೆ ಯಾಕೋ ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಅಕ್ಷರ ಚೆನ್ನಾಗಿ ಕೂತಿತ್ತು.

ಮೇ 3, ಶುಕ್ರವಾರ

ಪುಟ ಕಳಿಸಿದೆ. ಐದನೇ ಮಹಡಿ. ಕಾಲು ನೋವು. ಮಾತಿನ ಟೀಚರಿಗೆ ಲೆಕ್ಕ ಕೊಡುವುದು ಮರೆತೆ. ಅವಳು ಕೇಳಲೂ ಇಲ್ಲ, ಬಚಾವಣ್ಣ ಹೇಗೆ ಪಾರಾಗುತ್ತಾನೆ ಅಂತ ತಮ್ಮನ ಕಿವಿಯಲ್ಲಿ ಕೇಳುತ್ತಿದ್ದಳು. ಇವನು "ಅಲ್ಲ, ಅಲ್ಲ" ಅಂತ ಆಟ ಆಡಿಸಿದ.

ಮೇ 14, ಮಂಗಳವಾರ

ಪಿನ್ನು ಹುಡುಕುವಾಗ ಹಳೆಯ ಬಿಸ್ಕತ್ತಿನ ಡಬ್ಬಿ ಕೈಗೆ ಸಿಕ್ಕಿತು. ಒಳಗೆ ಚೀಟಿ ಇದೆಯೋ ಅಂತ ನೋಡಿದೆ. ಇದೆ.

ಯಾರಿಗೂ ಹೇಳದ ವಿಷಯ. ಇಲ್ಲಿ ಬರೆದರೆ ಯಾರು ಓದುತ್ತಾರೆ.

ಬಚಾವಣ್ಣ ಹುಟ್ಟಿದ್ದು ನಾಲ್ಕು ವಾರದ ಮಟ್ಟಿಗೆ. ಬೇರೆ ಯಾರೋ ಚಿತ್ರಗಾರ ರಜೆ ಹೋಗಿದ್ದ, ಜಾಗ ತುಂಬಲು ತಮ್ಮನಿಗೆ ಹೇಳಿದ್ದರು. ನಾಲ್ಕನೇ ಪುಟದ ಕೊನೆಯ ಚೌಕದಲ್ಲಿ ಬಚಾವಣ್ಣ ನದಿಗೆ ಬೀಳುತ್ತಾನೆ, ನೀರಿನ ಮೇಲೆ ಬಕೆಟ್ಟು ಮಾತ್ರ ತೇಲುತ್ತದೆ, ಕೆಳಗೆ "ಮುಗಿಯಿತು". ಆ ಮಾತನ್ನು ಬೇರೆ ಚೀಟಿಯಲ್ಲಿ ಬರೆದು ಅಂಟಿಸುವುದು ನಮ್ಮ ರೂಢಿ. ಅವತ್ತು ತಮ್ಮ ಆ ಚೌಕವನ್ನು ಮೂರು ಸಲ ಅಳಿಸಿ ಬಿಡಿಸಿದ. ಹೊತ್ತು ಮೀರಿತ್ತು. ನನಗೆ ಕೆಂಡದಂಥ ಕೋಪ. ಚೀಟಿ ಬರೆದು, ಹಿಂದೆ ಅಂಟು ಹಚ್ಚಿ, ಮೇಜಿನ ಅಂಚಿಗಿಟ್ಟು, ಅವನಿಗೆ ಬೈಯುತ್ತಾ ಪುಟ ಸುತ್ತಿಕೊಂಡು ಪ್ರೆಸ್ಸಿಗೆ ಓಡಿದೆ.

ಮನೆಗೆ ಬಂದು ಕೈ ತೊಳೆಯುವಾಗ ನೋಡಿದರೆ "ಮುಗಿಯಿತು" ನನ್ನ ಮೊಣಕೈಗೆ ಅಂಟಿಕೊಂಡಿದೆ.

ಅಷ್ಟರಲ್ಲಿ ಮಷಿನ್ನು ಓಡುತ್ತಿತ್ತು. ಪುಟ "ಮುಗಿಯಿತು" ಇಲ್ಲದೆ ಅಚ್ಚಾಯಿತು. ಬಕೆಟ್ಟು ತೇಲುತ್ತಿದೆ, ಮುಂದೇನಾಯಿತು ಅಂತ ಓದುಗರು ಕಾಗದ ಬರೆದರೇ ಬರೆದರು. ಅವತ್ತಿನ ಸಂಪಾದಕರು ಮುಂದುವರಿಸಿ ಅಂದರು. "ಪ್ರೆಸ್ಸಿನಲ್ಲಿ ಚೀಟಿ ಬಿದ್ದುಹೋಗಿರಬೇಕು ಅಕ್ಕ, ನಮ್ಮ ಅದೃಷ್ಟ" ಅಂದ ತಮ್ಮ. ನಾನು ಹೂಂ ಅಂದೆ.

ಅದೊಂದೇ ನನ್ನ ತಪ್ಪು. ಅದಾದ ಮೇಲೆ ಒಂದು ಬಲೂನಿನಲ್ಲೂ ನನ್ನ ಕೈ ತಪ್ಪಿಲ್ಲ. ಎಲ್ಲರಿಗೂ ಮಾತ್ರ ನನ್ನ ಕೈ ಒಂದು ಸಲವೂ ತಪ್ಪಿಲ್ಲ ಅಂತಲೇ ಹೇಳಿಕೊಂಡು ಬಂದಿದ್ದೇನೆ. ಅವನ ಜೀವಮಾನದ ಕೆಲಸ ನನ್ನ ಮೊಣಕೈಯಿಂದ ಬಂತು ಅಂತ ಯಾವ ಬಾಯಲ್ಲಿ ಹೇಳಲಿ?

ಮೇ 22, ಬುಧವಾರ

ಮಾತು: ಇವತ್ತು ಎರಡು ಮಾತು ಜೊತೆಗೆ. "ಕಾಫಿ ಸಪ್ಪೆ."

ಸಂಪಾದಕ ಬಂದು ಕೂತ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಜೂನ್ ಎರಡನೇ ವಾರದಿಂದ ಪತ್ರಿಕೆ ಹೊಸ ರೂಪದಲ್ಲಿ ಬರುತ್ತದಂತೆ. ಮೇಲಿನವರು ತೀರ್ಮಾನ ಮಾಡಿದ್ದಾರಂತೆ.

"ಮೂವತ್ತೊಂದನೇ ತಾರೀಕಿನ ಪುಟಕ್ಕೆ ಬಚಾವಣ್ಣ ನೆಲ ಮುಟ್ತಾನಲ್ಲ ಅಮ್ಮಾ. ಅಲ್ಲಿಗೆ ಚೆಂದವಾಗಿ ಮುಗಿಸಿಬಿಡೋಣ. ಕೊನೇ ಚೌಕದಲ್ಲಿ 'ಮುಗಿಯಿತು' ಅಂತ ನಿಮ್ಮ ಕೈಯಲ್ಲೇ ದೊಡ್ಡದಾಗಿ ಬರೀರಿ. ಸರ್‌ಗೂ ಗೌರವ."

"ಬರೀದಿದ್ರೆ?"

"ಮುಗೀದಿರೋ ಕಥೆನ ನಡುವೆ ನಿಲ್ಲಿಸೋಕೆ ಆಗಲ್ಲ ಅಮ್ಮಾ. ಓದುಗರು ನಮ್ಮನ್ನ ಸುಮ್ನೆ ಬಿಡಲ್ಲ. ಆದ್ರೆ..." ಅವನು ತಮ್ಮನ ಕೈ ನೋಡಿದ. "ಎಷ್ಟು ದಿನ ಅಂತ?"

ನಾನು ಕೂಗಾಡುತ್ತೇನೆ ಅಂತ ಅವನು ಕುರ್ಚಿಯಲ್ಲಿ ಹಿಂದೆ ಸರಿದಿದ್ದ. ನಾನು ತಮ್ಮನ ಕಡೆ ತಿರುಗಿದೆ. ತಮ್ಮ ಏನೋ ಹೇಳಲು ಹೊರಟಿದ್ದ, ಅದು ಬರಲಿ ಅಂತ ಕಾಯುತ್ತಿದ್ದೆ. ಸಂಪಾದಕನೂ ಕಾದ. ಬೀದಿಯಲ್ಲಿ ಎರಡು ಬಸ್ಸು ಹೋದವು.

"ನೋ...ಡೋಣ" ಅಂದ ತಮ್ಮ.

ಸಂಪಾದಕನ ಕನ್ನಡಕ ಮತ್ತೆ ಮಂಜಾಯಿತು. ಒರೆಸಿಕೊಂಡು ಹೋದ.

ಮೇ 30, ಗುರುವಾರ

ಕೊನೆಯ ಪುಟ. ನೆಲದ ಮಹಡಿ.

ಬೆಳಿಗ್ಗೆಯಿಂದ ತಮ್ಮ ನನ್ನನ್ನು ಕೋಣೆಯೊಳಗೆ ಬಿಡಲಿಲ್ಲ. "ಅಲ್ಲ. ಹೋಗು" ಅಂದ. ಎರಡು ಮಾತೂ ಸ್ಪಷ್ಟ. ಮಾತು ಮೊದಲು ಬರೆಯಬೇಕು, ಚಿತ್ರ ಆಮೇಲೆ, ಅದು ಕ್ರಮ ಅಂದೆ. "ಹೋಗು" ಅಂದ.

ಮೂರು ಗಂಟೆಗೆ "ಅಕ್ಕ" ಅಂತ ಕರೆದ.

ಈ ಮೂರು ತಿಂಗಳಲ್ಲಿ ಅವನು ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು. ಕೈಯಲ್ಲಿದ್ದ ಪಾತ್ರೆ ಸಿಂಕಿನಲ್ಲೇ ಬಿಟ್ಟು ಹೋದೆ.

ಪುಟದ ತುಂಬ ಒಂದೇ ಚಿತ್ರ. ಕಟ್ಟಡದ ಬುಡದ ಗೋಡೆ. ಗೋಡೆಗೆ ಒಬ್ಬ ಮುದುಕಿ ಸಿನಿಮಾ ಪೋಸ್ಟರಿನಷ್ಟು ದೊಡ್ಡ ಕಾಗದ ಅಂಟಿಸುತ್ತಿದ್ದಾಳೆ. ಪಕ್ಕದಲ್ಲಿ ಅಂಟಿನ ಬಕೆಟ್ಟು. ಹಸಿ ಅಂಟಿಗೆ ಬಚಾವಣ್ಣ ಬೆನ್ನು ತಾಗಿ ಅಂಟಿಕೊಂಡಿದ್ದಾನೆ, ನೆಲಕ್ಕೆ ಎರಡು ಗೇಣು ಇರುವಾಗ. ಮುದುಕಿ ಸೊಂಟಕ್ಕೆ ಕೈಯಿಟ್ಟು ಅವನನ್ನು ಬೈಯಲು ಬಾಯಿ ತೆಗೆದಿದ್ದಾಳೆ. ಮೂಗು ಗಿಳಿಯ ಕೊಕ್ಕಿನಂತಿದೆ.

"ನನ್ನ ಮೂಗು ಇಷ್ಟುದ್ದ ಇಲ್ಲ" ಅಂದೆ.

ಅವನು ನಗುತ್ತಿದ್ದ.

ಮುದುಕಿಯ ಮೊಣಕೈ ಹತ್ತಿರ ಬಿಳಿ ಬಣ್ಣದ ಸಣ್ಣ ಕಲೆ ಬಿದ್ದಿತ್ತು. ಬ್ಲೇಡು ತೆಗೆದುಕೊಂಡು ಹೆರೆಯಲು ಬಗ್ಗಿದೆ. ಅವನು ಎಡಗೈ ಅಡ್ಡ ಇಟ್ಟ. ಕನ್ನಡಕ ಹಾಕಿಕೊಂಡು ನೋಡಿದೆ. ಕಲೆಯಲ್ಲ. ನಾಲ್ಕು ಮೂಲೆಯ ಚೀಟಿ. ಮೊಣಕೈಗೆ ಅಂಟಿಕೊಂಡಿರುವ ಚೀಟಿ.

ಕುರ್ಚಿ ಎಳೆದುಕೊಂಡು ಕೂತೆ.

"ನಿಂಗೆ ಗೊತ್ತಿತ್ತಾ?"

ಅವನು ಬಾಯಿ ತೆಗೆದ. ನಾನು ಕಾದೆ. ಗಡಿಯಾರ ನೋಡಲಿಲ್ಲ, ಹಾಗಾಗಿ ಎಷ್ಟು ಹೊತ್ತು ಅಂತ ಗೊತ್ತಿಲ್ಲ.

"ಕಂಡೆ" ಅಂದ. "ಅವತ್ತು. ಬಾಗಿಲು. ಕಂಡೆ."

ನಾನು ಬೈಯುತ್ತಾ ಬಾಗಿಲು ದಾಟುವಾಗಲೇ ಅವನು ನೋಡಿದ್ದಾನೆ. ಮೂವತ್ತೊಂದು ವರ್ಷ ಬಾಯಿ ಬಿಟ್ಟಿಲ್ಲ. ಪ್ರೆಸ್ಸಿನಲ್ಲಿ ಬಿತ್ತು ಅಂತ ನನಗೇ ಸುಳ್ಳು ಹೇಳಿದ್ದಾನೆ.

"ಮತ್ತೆ ಯಾಕೋ ಹೇಳ್ಲಿಲ್ಲ? ಕೂಗಿದ್ರೆ ತಿರುಗಿ ಬರ್ತಿದ್ನಲ್ಲ!"

ಈ ಸಲ ಇನ್ನೂ ಹೊತ್ತಾಯಿತು. ಎರಡು ಸಲ "ಮಂಗಳ" ತನಕ ಹೋಗಿ ತಾನೇ ತಲೆ ಆಡಿಸಿ ಹಿಂದೆ ಬಂದ. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ.

"ನೀನು... ಸಿಟ್ಟು." ತನ್ನ ಮೂಗಿನ ತುದಿ ಮುಟ್ಟಿ ತೋರಿಸಿದ. "ಹೆದ್ರಿಕೆ."

ಹೆದರಿಕೆಯಂತೆ. ನನ್ನ ಕೋಪಕ್ಕೆ ಹೆದರಿ, ಕೈಗೆ ಚೀಟಿ ಅಂಟಿದೆ ಅಂತ ಹೇಳಲು ಧೈರ್ಯ ಬಾರದೆ ಸುಮ್ಮನಿದ್ದನಂತೆ. ಆಮೇಲೆ ಮೂವತ್ತೊಂದು ವರ್ಷ ಅದಕ್ಕೆ ಅದೃಷ್ಟ ಅಂತ ಹೆಸರಿಟ್ಟುಕೊಂಡು ಓಡಾಡಿದ್ದಾನೆ.

ಬೈಯಬೇಕು ಅಂತ ಬಾಯಿ ತೆಗೆದೆ, ಚಿತ್ರದ ಮುದುಕಿಯ ಹಾಗೆ. ನಗು ಬಂದುಬಿಟ್ಟಿತು. ಅವನೂ ನಕ್ಕ, ಅರ್ಧ ಬಾಯಲ್ಲಿ. ಕಣ್ಣಲ್ಲಿ ನೀರು ಬರುವ ತನಕ ಇಬ್ಬರೂ ನಕ್ಕೆವು. ಬಸ್ಸಿನಿಂದ ಬಂದ ಅವನ ಮಗಳು ಬಾಗಿಲಲ್ಲಿ ನಿಂತು "ಏನಾಯ್ತು ಅತ್ತೆ, ಡಾಕ್ಟರ್‌ಗೆ ಫೋನ್ ಮಾಡ್ಲಾ?" ಅಂದಳು.

ಮುದುಕಿಯ ಬಲೂನಿಗೆ ಬರೆದೆ: "ಎರಡು ಗಂಟೆಯಿಂದ ಕಷ್ಟಪಟ್ಟು ಅಂಟಿಸಿದ್ದೀನಿ, ಬಂದು ಹಾಳುಮಾಡಿದ್ಯಲ್ಲೋ!"

ಬಚಾವಣ್ಣನ ಬಲೂನು ಖಾಲಿ ಬಿಟ್ಟು ತಮ್ಮನ ಕಡೆ ತಿರುಗಿದೆ. ಅವನು ಯೋಚಿಸಿದ.

"ಪುಣ್ಯ" ಅಂದ.

ಅದನ್ನೇ ಬರೆದೆ. ಅವನು ಹೇಳಿದ, ನಾನು ಬರೆದೆ.

ಮೇ 31, ಶುಕ್ರವಾರ

ಪುಟಕ್ಕೆ "ಮುಗಿಯಿತು" ಬೇಕಲ್ಲ ಅಂತ ಡಬ್ಬಿಯಿಂದ ಹಳೆಯ ಚೀಟಿ ತೆಗೆದು ತಮ್ಮನ ಮುಂದಿಟ್ಟೆ. ಕಾಗದ ಹಳದಿಯಾಗಿದೆ, ಮಸಿ ಇನ್ನೂ ಕಪ್ಪಗೇ ಇದೆ. ನನ್ನ ಕೈ ಆಗ ಇನ್ನೂ ಚೆನ್ನಾಗಿತ್ತು.

ಅವನು ಚೀಟಿಯನ್ನು ತಿರುಗಿಸಿ, ಎಡಗೈ ಬೆರಳಲ್ಲಿ ಅಂಟು ಹಚ್ಚಿದ. ಪುಟದ ಕಡೆ ಹೋಗುತ್ತಾನೆ ಅಂದುಕೊಂಡೆ. ನನ್ನ ಮೊಣಕೈ ಹಿಡಿದು, ಅಲ್ಲಿ ಅಂಟಿಸಿ, ಎರಡು ಸಲ ಒತ್ತಿದ.

"ತೆಗಿಯೋ, ಹೊತ್ತಾಯ್ತು" ಅಂದೆ.

"ಹೋಗು" ಅಂದ.

ತೆಗೆಯಲು ಹೊತ್ತಿರಲಿಲ್ಲ. ಪುಟ ಸುತ್ತಿಕೊಂಡು ನಾನೇ ಹೋದೆ. ಸಂಪಾದಕ ಪುಟ ಬಿಚ್ಚಿ ನೋಡಿದ. ಮೊದಲು ನಕ್ಕ. ಆಮೇಲೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದ.

"ಅಮ್ಮಾ, 'ಮುಗಿಯಿತು' ಎಲ್ಲಿ?"

"ಬರೆದಿದ್ದೀನಿ. ಎಲ್ಲೋ ಇರಬೇಕು, ನೋಡು."

ಅವನು ನೋಡಿದ. ಮೇಜಿನ ಮೇಲೆ, ಮೇಜಿನ ಕೆಳಗೆ. ಆಮೇಲೆ ಅವನ ಕಣ್ಣು ನನ್ನ ಮೊಣಕೈ ಮೇಲೆ ಬಂದು ನಿಂತಿತು. ಬಾಯಿ ತೆಗೆದ. ನನ್ನ ಮುಖ ನೋಡಿದ. ಬಾಯಿ ಮುಚ್ಚಿಕೊಂಡ.

"ಮುಂದಿನ ವಾರ ಏನಾಗುತ್ತೆ ಅಂತ ಯಾವಾಗ ಹೇಳ್ತೀರಿ?" ಅಂದ, ಪುಟ ಸುತ್ತಿಡುತ್ತಾ.

"ಮಂಗಳವಾರ" ಅಂದೆ.

ತಮ್ಮ ಇವತ್ತು ಆಡಿದ ಮಾತು: ಎಣಿಸಲಿಲ್ಲ.